ಎಲ್ಲಾ ಬರೋಬರಿ

ಎರಡಕ್ಕೊಂದು, ಎರಡೂವರಿಗೊಂದು, ಮೂರಕ್ಕೊಂದು,
ಮೂರು ಸಾಲು ಬರದಿದ್ದೆ: ಎಲ್ಲಾ ಬರೋಬರಿ.
ಬರಿಯೂ ಮುಂದ ಗ್ವಾಡಿ ಗಡಿಯಾರದಾಗ
ಇನ್ನೂ ಒಂದೂ ಮುಕ್ಕಾಲು.

ಡಿಸೆಂಬರಿನ ಥಂಡಿ. ಕಪ್ಪತಗುಡ್ಡದ ಕಡಿಂದ
ಕಿಡಕಿ ಸರಳಿನ್ಯಾಗ ಸಿಳ್ಳ ಹಾಕ್ಕೋತ ಗಾಳಿ.
ಗದಗ ಠೇಸನ್ನಿನಿಂದ ಕಡೀ ಗಾಡಿ ಹೋಗಿತ್ತು.
ಆರು ಮಂದಿ ಪಾಳಿಗೆ ನಾವು ಇಬ್ಬರು,
ಅದರಾಗ ಕರಿಬಸಯ್ಯಗ ಜ್ವರ.
ಇದು ಖರೇನ. ಇದನ್ನ ಚೌಕಶಿಗೂ ಹೇಳೀನಿ.
ಹೇಳಿ ಹೇಳಿ ಬಾಯಾಗ ಹಳಸಿದಂಗಾಗಿ
ಈಗ ಹೇಳೂದು ಬಿಟ್ಟೀನಿ.

ಅಂಬಾಸಾ. ಬೆಟಗೇರಿಯಂವ, ಮಗ್ಗದ ಕೆಲಸ.
ಯಾವ ಕಲಮು, ಏನು ಗುನ್ನೆ, ಅದು ಕೋರ್ಟಿನ ಮಾತು.
ನನ್ನ ಪಾಲಿಗೆ ಬಂದದ್ದು ಅಂವನ ಉಸುರು ಒಂದ,
ಸಂಜೀಕ ಎಣಿಸಿ ತಗೊಂಡದ್ದು,
ಬೆಳಿಗ್ಗೆ ಎಣಿಸಿ ಒಪ್ಪಸಬೇಕಾದ್ದು.

ಖಾಲಿ ಕುಂತಾಗೂ ಅಂವನ ಹೆಬ್ಬಟ್ಟು, ತೋರಬೆರಳು
ಇಲ್ಲದ ನೂಲು ಹೊಸೀತಿದ್ದವು.
‘ಎಳಿ ಕಡದದ್ದು ಕಂಡ್ರ ಮಗ್ಗ ನಿಂದರಸಬೇಕ್ರಿ ಸಾಹೇಬ್ರ,
ಕಂಡೂ ತುಳದ್ರ, ಸೀರಿ ತುಂಬ ಹಂಗ ಓಡತೈತಿ’ ಅಂದಿದ್ದ.
ನಾ ನಕ್ಕಿದ್ದೆ.
ನಮ್ಮಾಕಿಗೊಂದು ಸೀರಿ ಯಾವಾಗೋ ಅಂದಿದ್ದೆ.

ಸೋಮವಾರ ಜಾಮೀನು ಮುಂದಕ್ಕ ಹೋತು.
ಮಂಗಳವಾರ ಅರ್ಧಾ ರೊಟ್ಟಿ ಬಿಟ್ಟ.
ಬುಧವಾರ ಭೆಟ್ಟಿಗೆ ಯಾರೂ ಬರಲಿಲ್ಲ,
ಅಂವ ಕೇಳಲೂ ಇಲ್ಲ.
ಗುರುವಾರ ತನ್ನ ಕೆಂಪು ಸ್ವೆಟರ್ ಬಿಚ್ಚಿ
ಬಾಜೂಕಿನ ಖೋಲಿ ಹುಡುಗಗ ಕೊಟ್ಟ.
ನಾ ನೋಡಿದೆ. ದೊಡ್ಡ ಮನಸಿನಂವ ಅಂದ್ಕೊಂಡೆ.
ಅಂಥಾ ಥಂಡ್ಯಾಗ ಇದ್ದೊಂದು ಸ್ವೆಟರ್ ಕೊಟ್ಟಂವನ್ನ
ನಿಂದರಿಸಿ ಕೇಳಬೇಕು, ನಾಳೆ ನಿನಗೇನಪಾ ಅಂತ.
ತರಬೇತ್ಯಾಗ ಯಾರೂ ಹೇಳಿರಲಿಲ್ಲ.
ಹೇಳಿದ್ರೋ ಏನೋ; ಆ ಮಧ್ಯಾಹ್ನ ನಾ ತೂಕಡಿಸಿದ್ದೆ.

ಅವತ್ತ ರಾತ್ರಿ ಹತ್ತಕ್ಕ ಸರಳು ಹಿಡದು ನಿಂತಿದ್ದ.
‘ಸಾಹೇಬ್ರ, ಒಂದೀಟು ಮಾತಾಡಬೇಕಿತ್ತು.’
‘ನಾಳೆ’ ಅಂದೆ.

ಮೂರರ ಸಾಲಿನ ಶಾಯಿ ಒಣಗಿ ಭಾಳ ಹೊತ್ತಾಗಿತ್ತು
ಕರಿಬಸಯ್ಯ ಚೀರಿದಾಗ.

ಚೌಕಶಿಗೆ ಬಂದ ಮ್ಯಾಜಿಸ್ಟ್ರೇಟ್ ಬಾಯಾರು ಸಣ್ಣ ವಯಸ್ಸಿನವರು.
ಬೈಲಿಲ್ಲ. ವಹಿ ನನ್ನ ಕಡೆ ತಿರುವಿ
ಮೂರು ಸಾಲಿನ ಮ್ಯಾಲೆ ಬೆರಳು ಎಳದ್ರು.
‘ಒಂದ ಉಸುರಿನ್ಯಾಗ ಬರದಂಗ ಅದಾವಲ್ಲ?’
ಉಸುರು ಅನ್ನೂ ಶಬ್ದ ಬೇಕಂತ ಅಂದ್ರೋ ಇಲ್ಲೋ,
ಇವತ್ತಿಗೂ ತಿಳೀವಲ್ದು.

ಸಾಮಾನು ಒಯ್ಯಾಕ ಹೇಣ್ತಿ ಬಂದ್ಲು.
ತಾಟು, ಚರಿಗಿ, ಎರಡು ಅಂಗಿ, ಅಂಬಾಭವಾನಿ ಪಟ.
ಸಹಿ ಮಾಡೂಕಿಂತ ಮೊದಲ ಎಣಿಸಿ ಕೇಳಿದ್ಲು:
‘ಸ್ವೆಟರ್ ಎಲ್ಲೈತ್ರಿ? ಅದು ನಾ ಹೆಣದದ್ದು.’
ಜೈಲರ್ ಸಾಹೇಬ್ರು ಪಟ್ಟಿ ನೋಡಿದ್ರು.
ನಾ ನೆಲ ನೋಡಿದೆ.

ನಾಕು ತಿಂಗಳು ಮನ್ಯಾಗ ಕುಂಡ್ರಿಸಿದ್ರು.
ತಿರಗಿ ಬಂದ್ರ ಅದ ಖೋಲಿ ಸಾಲು, ಅದ ಟಾರ್ಚು.
ಈಗ ವಹಿ ಮೊದಲ ತಗ್ಯೂದಿಲ್ಲ; ಮೊದಲ ನಡೀತೀನಿ.
ಮೊಳಕಾಲು ಕಟ್ ಅಂತಾವ.
ಕೈದಿ ನಂಬರ್ ಬಿಟ್ಟು ಹೆಸರು ಹಿಡದು ಕರೀತೀನಿ.
ಕೆಲವರು ಬೈತಾರ, ನಿದ್ದಿ ಕೆಡಸಿದಿ ಅಂತ.
ಬೈಸಿಕೊಂಡ್ರ ಒಂಥರಾ ಸಮಾಧಾನ:
ಬೈಯಾಕ ಉಸುರು ಬೇಕಲ್ಲ.

ಹೊಸಾ ಜೈಲರ್ ಸಿಟ್ಟಿಗೇಳತಾರ:
‘ಏನೋ ದಾವಲಸಾಬ, ರೌಂಡಿನ ವಹ್ಯಾಗ ಪುರಾಣ ಬರೀತಿಯೇನು?
ಎಲ್ಲಾ ಬರೋಬರಿ ಅಂತ ಒಂದ ಸಾಲು ಸಾಕು.’

ನಿನ್ನೆ ಬರದದ್ದು ಇದು:

ಮೂರು ಹನ್ನೊಂದು. ಏಳನೇ ಖೋಲಿ, ನಾಗನಗೌಡ, ಎಚ್ಚರ ಅದಾನ.
ರಾತ್ರಿ ಊಟ ಮಾಡಿಲ್ಲ. ಹಲ್ಲುಬ್ಯಾನಿ ಅಂತಾನ, ಖರೆ ಅನ್ನಸಲಿಲ್ಲ.
ಡಾಕ್ಟರಿಗೆ ಹೇಳಿ ಕಳಿಸೀನಿ. ಬೆಳಿಗ್ಗೆ ತಾಯಿಗೆ ಫೋನ್ ಹಚ್ಚಸಬೇಕು.
ಕುರ್ಚಿ ತಂದು ಸರಳಿನ ಮುಂದ ಕುಂತೀನಿ.
ಮೂರು ನಾಲ್ವತ್ತು. ಮಾತಾಡಲಿಕತ್ತಾನ.
ನಾಕು ಹತ್ತು. ಇನ್ನೂ.